ಬೀಟಾ ಗ್ಲೋಬಿನ್ 62ರಲ್ಲಿ ಲೈಸೀನ್ ಯಾಕೆ? ಜೊತೆಗೆ 24 ಇಲಿಗಳಲ್ಲೂ ಜೋಡಿ ಪೀಕ್ (ಹಾಸನ–ಮುಳ್ಳಯ್ಯನಗಿರಿ ಸ್ಯಾಂಪಲ್)

ಕಣದಂಚು, ಚಿಕ್ಕಮಗಳೂರು

ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್, ಎತ್ತರದಲ್ಲಿ ಬದುಕುವ ಇಲಿಗಳ ಬೀಟಾ ಗ್ಲೋಬಿನ್ ಜೀನ್ (ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನ ಒಂದು ಎಳೆ; ಇನ್ನೊಂದು ಆಲ್ಫಾ). ಹಾಸನದ ಸುತ್ತಮುತ್ತಲಿನ ಗೋದಾಮುಗಳಿಂದ 12 ಸ್ಯಾಂಪಲ್, ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆಯ ಎಸ್ಟೇಟ್ ಲೈನ್ ಮನೆಗಳಿಂದ 12. ಎಲ್ಲವೂ ಮನೆಯವರು ಇಟ್ಟ ಬೋನಿಗೆ ಬಿದ್ದವು. ಕಿವಿಯ ಚೂರು 95% ಎಥನಾಲ್‌ನಲ್ಲಿದೆ. ಡಿಎನ್‌ಎ ಚೆನ್ನಾಗಿ ಬಂದಿದೆ. ಪಿಸಿಆರ್ (ಜೀನ್‌ನ ತುಣುಕನ್ನು ನಕಲು ಮಾಡಿ ಹೆಚ್ಚಿಸೋದು) 35 ಸೈಕಲ್, ಜೆಲ್‌ನಲ್ಲಿ ಸುಮಾರು 1.5 ಕಿಲೋಬೇಸ್‌ನ ಒಂದೇ ಬ್ಯಾಂಡ್. ಅಲ್ಲಿಂದ ಮುಂದೆ ಎಲ್ಲ ಕೆಟ್ಟಿದೆ.

ಹೋಲಿಕೆಗೆ ಅಮೆರಿಕದ ಡಿಯರ್ ಮೌಸ್‌ನ ಬೀಟಾ ಸರಣಿಯನ್ನು ಜೀನ್‌ಬ್ಯಾಂಕ್ ಅನ್ನೋ ಸಾರ್ವಜನಿಕ ಸಂಗ್ರಹದಿಂದ ಇಳಿಸಿಕೊಂಡೆ. ಪ್ರಬಂಧಗಳ ಪ್ರಕಾರ ಎತ್ತರದ ಮತ್ತು ತಗ್ಗಿನ ಇಲಿಗಳ ನಡುವೆ ವ್ಯತ್ಯಾಸ ಇರೋದು 62, 72, 128, 135ನೇ ಅಮೈನೋ ಆಮ್ಲಗಳಲ್ಲಿ. 62ರಲ್ಲಿ ಗ್ಲೈಸೀನ್ ಅಥವಾ ಅಲನೀನ್ ಇರಬೇಕು. ನನಗೆ ಕಾಣೋದು ಲೈಸೀನ್. ನಮ್ಮದೇ ಸರಣಿಯನ್ನು ಅನುವಾದ ಮಾಡಿದರೆ ಮೊದಲ 30 ಅಮೈನೋ ಆಮ್ಲ ಸರಿ, ಆಮೇಲೆ ನಡುನಡುವೆ ಸ್ಟಾಪ್ (ಪ್ರೋಟೀನ್ ಮುಗಿಯಿತು ಅನ್ನೋ ಸಂಕೇತ) ಬಂದು ಕಲಸುಮೇಲೋಗರ. ಮೂರನೆಯದು, 24ಕ್ಕೆ 24ರಲ್ಲೂ ಕ್ರೊಮ್ಯಾಟೋಗ್ರಾಮ್‌ನಲ್ಲಿ (ಬೇಸ್ ಓದಿದ ಗ್ರಾಫ್) ಜೋಡಿ ಪೀಕ್, ಅಂದರೆ ಒಂದೇ ಜಾಗದಲ್ಲಿ ಎರಡು ಬೇಸ್. ಅನೀಲಿಂಗ್ (ನಕಲು ಶುರು ಮಾಡುವ ಚಿಕ್ಕ ಎಳೆ, ಅಂದರೆ ಪ್ರೈಮರ್, ಅಂಟುವ ಉಷ್ಣಾಂಶ) 58ರಿಂದ 62 ಡಿಗ್ರಿಗೆ ಏರಿಸಿದರೂ ಹಾಗೇ ಇದೆ. ಎತ್ತರಕ್ಕೆ ಹೊಂದಿಕೊಂಡದ್ದನ್ನು ತೋರಿಸಲು 12+12 ಸಾಕಾ ಅನ್ನೋದೂ ತಿಳಿಯಬೇಕಿತ್ತು.

ಬೆಂಚುಮಣೆ, ಹಾಸನ

ಮೊದಲನೆಯದು ಒಂದು ಮನೆ ತಪ್ಪಿದ ಲೆಕ್ಕ, ಅಷ್ಟೇ. ಹಿಮೋಗ್ಲೋಬಿನ್‌ನವರು ಹಳೇ ಕಾಲದಿಂದ ಮಾಗಿದ ಪ್ರೋಟೀನನ್ನು ಎಣಿಸುತ್ತಾರೆ. ಶುರುವಿನ ಮೆಥಿಯೊನೀನ್ ಕತ್ತರಿಸಿ ಹೋಗಿರುವುದರಿಂದ ಅದು ಲೆಕ್ಕಕ್ಕಿಲ್ಲ. ಜೀನ್‌ಬ್ಯಾಂಕ್ ಸರಣಿಯಲ್ಲಿ ಅದು ಇರುತ್ತದೆ. ಹಾಗಾಗಿ ನೀವು 62 ಅಂತ ನೋಡುತ್ತಿರುವುದು ನಿಜವಾಗಿ 61. ಸಿಕಲ್ ಸೆಲ್ ಬದಲಾವಣೆಯನ್ನು ಒಂದು ಕಡೆ 6 ಅಂತಲೂ ಇನ್ನೊಂದು ಕಡೆ 7 ಅಂತಲೂ ಬರೆದಿರುತ್ತಾರಲ್ಲ, ಅದೇ ಗೊಂದಲ ಇದು.

ಒಂದು ಕಳೆದುಬಿಟ್ಟರೆ ಆಯಿತು ಅಂತ ಕುರುಡಾಗಿ ಹೋಗಬೇಡಿ, ಗುರುತಿನ ಕಲ್ಲು ನೋಡಿ. ಬೀಟಾದಲ್ಲಿ ಆಮ್ಲಜನಕದ ಪಕ್ಕ ಕೂರುವ ಹಿಸ್ಟಿಡೀನ್ 63ರಲ್ಲಿ, ಕಬ್ಬಿಣವನ್ನು ಹಿಡಿದಿರುವ ಹಿಸ್ಟಿಡೀನ್ 92ರಲ್ಲಿ. ಆಲ್ಫಾದಲ್ಲಿ ಇವೇ 58 ಮತ್ತು 87. ನಿಮ್ಮ ಸರಣಿಯಲ್ಲಿ ಲೈಸೀನ್, ಆಮೇಲೆ ಗ್ಲೈಸೀನ್ ಅಥವಾ ಅಲನೀನ್, ಆಮೇಲೆ ಹಿಸ್ಟಿಡೀನ್-ಗ್ಲೈಸೀನ್-ಲೈಸೀನ್-ಲೈಸೀನ್ ಅಂತ ಸಾಲು ಸಿಗಬೇಕು. ಆ ಹಿಸ್ಟಿಡೀನ್‌ನ ಹಿಂದಿನ ಮನೆಯೇ 62. ಒಟ್ಟು ಉದ್ದ ಬೀಟಾಗೆ 146, ಆಲ್ಫಾಗೆ 141. 147 ಅಥವಾ 142 ಬಂದರೆ ಮೆಥಿಯೊನೀನ್ ಇನ್ನೂ ಅಂಟಿಕೊಂಡಿದೆ.

ಇಪಾಸ್-1 (ಆಮ್ಲಜನಕ ಕಡಿಮೆಯಾದಾಗ ಕೆಲಸ ಮಾಡುವ) ಜೀನ್ ಕೂಡ ನೋಡುವುದಾದರೆ ಅಲ್ಲಿ ಈ ಕಳೆಯುವ ಕೆಲಸ ಮಾಡಬೇಡಿ. ಡಿಯರ್ ಮೌಸ್‌ನ 755ನೇ ಸ್ಥಾನದ ಥ್ರಿಯೊನೀನ್–ಮೆಥಿಯೊನೀನ್ ವ್ಯತ್ಯಾಸವನ್ನು ಮೊದಲ ಮೆಥಿಯೊನೀನ್ ಸೇರಿಸಿಯೇ ಎಣಿಸಿದ್ದಾರೆ. ಒಂದೇ ಎಕ್ಸೆಲ್ ಹಾಳೆಯಲ್ಲಿ ಎರಡೂ ಇಟ್ಟುಕೊಂಡರೆ ಖಂಡಿತ ಎಡವುತ್ತೀರಿ, "ಎಣಿಕೆ ಕ್ರಮ" ಅಂತ ಒಂದು ಕಾಲಂ ಹಾಕಿ.

30ರ ನಂತರ ಕೆಡುವುದಕ್ಕೆ ಕಾರಣ ಇಂಟ್ರಾನ್, ಅಂದರೆ ಜೀನ್‌ನ ನಡುವೆ ಬರುವ, ಪ್ರೋಟೀನ್ ಆಗದ ತುಂಡು. ಬೀಟಾ ಜೀನ್‌ನಲ್ಲಿ ಮೊದಲ ಇಂಟ್ರಾನ್ 30ನೇ ಕೋಡಾನ್ ಹತ್ತಿರ, ಎರಡನೆಯದು 104 ದಾಟಿದ ಮೇಲೆ. ಮೂರು ಎಕ್ಸಾನ್ (ಪ್ರೋಟೀನ್ ಆಗುವ ತುಂಡು) ಬೇರೆ ಮಾಡಿ ಜೋಡಿಸಿ, ಆಮೇಲೆ ಅನುವಾದಿಸಿ. ಸ್ಟಾಪ್ ಸೇರಿ 444 ಬೇಸ್ ಬರಬೇಕು.

ಹೇಮಾವತಿ ದಂಡೆ, ಸಕಲೇಶಪುರ

ಜೋಡಿ ಪೀಕ್ ಬಗ್ಗೆ. ಅನೀಲಿಂಗ್ ಎಷ್ಟು ಏರಿಸಿದರೂ ಹೋಗಲ್ಲ, ಅದು ಕಸ ಅಲ್ಲ. ವಯಸ್ಕ ಇಲಿಯಲ್ಲಿ ಬೀಟಾ ಜೀನ್ ಒಂದಕ್ಕಿಂತ ಹೆಚ್ಚು: ಸಾಮಾನ್ಯ ಚಿಕ್ಕ ಮನೆಯಿಲಿ ಮಸ್ ಮಸ್ಕ್ಯುಲಸ್‌ನಲ್ಲಿ ಎರಡು, ಡಿಯರ್ ಮೌಸ್‌ನಲ್ಲಿ ಎರಡು, ರ‍್ಯಾಟಸ್ ಗುಂಪಿನ ದೊಡ್ಡ ಇಲಿಗಳಲ್ಲಿ ಇನ್ನೂ ಜಾಸ್ತಿ. ಪ್ರೈಮರ್ ಕೋಡಿಂಗ್ ಭಾಗದಲ್ಲಿ ಕೂತಿದ್ದರೆ ಅಕ್ಕತಂಗಿಯರೆಲ್ಲ ಒಟ್ಟಿಗೆ ಎದ್ದು ಬರುತ್ತಾರೆ.

ಹೆಟೆರೊಜೈಗೋಟಾ (ಒಂದೇ ಜೀನ್‌ನ ಎರಡು ಬೇರೆ ರೂಪ, ಅಂದರೆ ಅಲೀಲ್, ಇರೋದು), ಎರಡು ಜೀನಾ ಅಂತ ಹೇಳೋದು ಸುಲಭ. ಒಂದೇ ಜಾಗದಲ್ಲಿ 24ಕ್ಕೆ 24ರಲ್ಲೂ ಜೋಡಿ ಪೀಕ್ ಅಂದರೆ ಅದು ಎರಡು ಜೀನ್‌ಗಳ ನಡುವಿನ ಸ್ಥಿರ ವ್ಯತ್ಯಾಸ. ಕೆಲವು ಇಲಿಗಳಲ್ಲಿ ಮಾತ್ರ ಇದ್ದರೆ ಅಲೀಲ್ ಇರಬಹುದು. ಎಲ್ಲವನ್ನೂ ಹೆಟೆರೊಜೈಗೋಟ್ ಅಂತ ಬರೆದುಕೊಂಡು ಹಾರ್ಡಿ-ವೈನ್‌ಬರ್ಗ್ ಪರೀಕ್ಷೆ (ನಿರೀಕ್ಷಿಸಿದಷ್ಟೇ ಹೆಟೆರೊಜೈಗೋಟ್ ಇವೆಯಾ ಅನ್ನೋದು) ಮಾಡಿದರೆ ಹೆಟೆರೊಜೈಗೋಟ್‌ಗಳು ವಿಪರೀತ ಹೆಚ್ಚು ಬರುತ್ತವೆ. ಅದನ್ನು "ಎತ್ತರದಲ್ಲಿ ಸಮತೋಲನ ಆಯ್ಕೆ" ಅಂತ ವರದಿಯಲ್ಲಿ ಬರೆದು ಬಿಟ್ಟೀರಿ! ಇನ್ನು, ಎರಡನೇ ಇಂಟ್ರಾನ್ ಒಳಗೆ ಹೋದಮೇಲೆ ಇಡೀ ಸಾಲು ಗಲಿಬಿಲಿ ಆಗುತ್ತಿದ್ದರೆ ಅಲ್ಲಿ ಒಂದು ಜೀನ್‌ನಲ್ಲಿ ಕೆಲವು ಬೇಸ್ ಹೆಚ್ಚೋ ಕಡಿಮೆಯೋ ಇವೆ.

ದಾರಿ ಎರಡು. ಪ್ರೈಮರನ್ನು ಜೀನ್‌ನ ಹೊರಗಿನ, ಎರಡಕ್ಕೂ ಬೇರೆಬೇರೆಯಾದ ಭಾಗಕ್ಕೆ ಸರಿಸುವುದು ಒಂದು. ಇಲ್ಲವಾದರೆ ಪಿಸಿಆರ್ ಉತ್ಪನ್ನವನ್ನು ಟಿಎ ವೆಕ್ಟರ್‌ಗೆ (ತುಣುಕನ್ನು ಬ್ಯಾಕ್ಟೀರಿಯಾದೊಳಗೆ ಒಯ್ಯುವ ಡಿಎನ್‌ಎ) ಕ್ಲೋನ್ ಮಾಡಿ ಒಂದೊಂದೇ ಕಾಲನಿ ಓದಿಸುವುದು. ಎರಡು ಜೀನ್, ಪ್ರತಿಯೊಂದಕ್ಕೂ ಎರಡು ಅಲೀಲ್, ಅಂದರೆ ಒಂದು ಇಲಿಯಿಂದ ನಾಲ್ಕು ಸರಣಿ ಬರಬಹುದು. ಎಲ್ಲ ಸಮನಾಗಿ ವರ್ಧಿಸಿವೆ ಅಂದುಕೊಂಡರೂ 8 ಕಾಲನಿ ಓದಿಸಿದಾಗ ನಾಲ್ಕೂ ಸಿಗುವ ಸಾಧ್ಯತೆ 62% ಮಾತ್ರ, 16ಕ್ಕೆ 96%. ಎಂಟಕ್ಕೆ ನಿಲ್ಲಿಸಿ "ಹೋಮೋಜೈಗಸ್" ಅಂದರೆ ತಪ್ಪಾಗುತ್ತೆ.

ಅದಕ್ಕೂ ಮೊದಲು ಇವು ಯಾವ ಇಲಿ? ಊರಲ್ಲಿ ಹೆಸರಿಗೆ ಎಲ್ಲವೂ ಇಲಿ. ಬೋನಿಗೆ ಮನೆಯಿಲಿ, ಕಪ್ಪಿಲಿ, ಹೆಗ್ಗಣದ ಮರಿ ಎಲ್ಲ ಬೀಳುತ್ತವೆ. ಸೊಂಡಿಲಿಯಂತೂ ದಂಶಕವೇ ಅಲ್ಲ. ಕೆಳಗೆ ಒಂದು ಜಾತಿ, ಮೇಲೆ ಇನ್ನೊಂದು ಜಾತಿ ಬಂದಿದ್ದರೆ ನಿಮಗೆ ಸಿಗುವ "ಎತ್ತರದ ವ್ಯತ್ಯಾಸ" ಬರೀ ಜಾತಿಯ ವ್ಯತ್ಯಾಸ. 24ಕ್ಕೂ ಜಾತಿ ಗುರುತಿಸಲು ಬಳಸುವ ಸೈಟೋಕ್ರೋಮ್-ಬಿ ಜೀನ್ ಓದಿಸಿ, ಸುಮಾರು 1140 ಬೇಸ್, ಬ್ಲಾಸ್ಟ್ ಮಾಡಿ (ಜೀನ್‌ಬ್ಯಾಂಕ್ ಸರಣಿಗಳ ಜೊತೆ ಹೋಲಿಸಿ).

ಗಿರಿಬೆನ್ನು, ಮೂಡಿಗೆರೆ

12+12 ಸಾಕಾ ಅನ್ನೋ ಪ್ರಶ್ನೆಗೆ ಖಾರವಾದ ಉತ್ತರ: 120+120 ಮಾಡಿದರೂ ಬಹುಶಃ ಏನೂ ಸಿಗಲ್ಲ. ತೊಂದರೆ ಇರುವುದು ಬೆಟ್ಟದಲ್ಲಿ.

ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ, ಸರಿ. ಆದರೆ ಅದು ಸುಮಾರು 1930 ಮೀಟರ್. ಮಾದರಿ ವಾತಾವರಣದ ಲೆಕ್ಕದಲ್ಲಿ ಅಲ್ಲಿ ಆಮ್ಲಜನಕದ ಒತ್ತಡ ಸಮುದ್ರಮಟ್ಟದ 79%. ಹಾಸನವೇ ಸಾವಿರ ಮೀಟರ್ ಹತ್ತಿರ ಇದೆ, ಅಲ್ಲಿ 89%. ಅಂದರೆ ನಿಮ್ಮ ಎರಡು ಗುಂಪಿನ ನಡುವೆ ಇರುವುದು ಹತ್ತು ಅಂಶ ಅಷ್ಟೇ. ಸ್ಯಾಂಪಲ್ ಲೈನ್ ಮನೆಗಳದ್ದು, ತುದಿಯದ್ದಲ್ಲ. ಹಾಗಾಗಿ ಅದಕ್ಕಿಂತಲೂ ಕಡಿಮೆ. ಡಿಯರ್ ಮೌಸ್ ಕೆಲಸ ನಡೆದದ್ದು ಕೊಲರಾಡೋದ 4300 ಮೀಟರ್ ದಾಟಿದ ಶಿಖರ ಮತ್ತು ತಗ್ಗಿನ ಹುಲ್ಲುಗಾವಲಿನ ನಡುವೆ. ಶಿಖರದಲ್ಲಿ 58% ಆಸುಪಾಸು. ಆಂಡಿಸ್‌ನ ಯುಯ್ಯಾಯಾಕೋ ಜ್ವಾಲಾಮುಖಿಯ ತುದಿಯಲ್ಲಿ, 6739 ಮೀಟರ್‌ನಲ್ಲಿ, 2020ರಲ್ಲಿ ಫಿಲೋಟಿಸ್ ಇಲಿ ಹಿಡಿದದ್ದು ವರದಿಯಾಯಿತು. ಅಲ್ಲಿ ಅರ್ಧಕ್ಕಿಂತಲೂ ಕಡಿಮೆ.

ಇನ್ನೊಂದು, ವಲಸೆ. ಗುಡ್ಡದ ಮೇಲಿನ ಇಲಿ ಕೆಳಗಿನ ಇಲಿಯ ಜೊತೆ ತಲೆಮಾರಿಗೆ 5% ಬೆರೆಯುತ್ತಿದೆ, ಎತ್ತರದ ಅಲೀಲ್‌ನಿಂದ ಸಿಗುವ ಲಾಭ 1% ಅಂದುಕೊಳ್ಳಿ. ಬೆರೆಕೆ ಆ ಅಲೀಲನ್ನು ತೊಳೆದು ಹಾಕುತ್ತೆ. ಲಾಭ ವಲಸೆಯನ್ನು ಮೀರಿದರೆ ಮಾತ್ರ ವ್ಯತ್ಯಾಸ ನಿಲ್ಲೋದು. ಮೂಟೆ ಜೊತೆ ಲಾರಿ ಹತ್ತಿ ಗೋದಾಮಿನಿಂದ ಗೋದಾಮಿಗೆ ಹೋಗುವ ಇಲಿಗೆ ವಲಸೆ ಎಷ್ಟು ಅಂತ ನೀವೇ ಊಹಿಸಿ.

ರಕ್ತದ ಹೆಮಟೊಕ್ರಿಟ್ (ಕೆಂಪು ಕಣಗಳ ಪಾಲು) ಅಳೆದು ಮೇಲಿನವು ಹೆಚ್ಚು ಅಂತ ತೋರಿಸಿದರೂ ಅದು ಜೀನ್‌ನ ಸಾಕ್ಷಿ ಅಲ್ಲ. ಯಾವ ಇಲಿಯನ್ನು ಮೇಲೆ ಒಯ್ದಿಟ್ಟರೂ ಕೆಲವು ವಾರದಲ್ಲಿ ಅದು ಏರುತ್ತೆ. ಹಾಗೆ ನೋಡಿದರೆ ಡಿಯರ್ ಮೌಸ್‌ನಲ್ಲಿ ಎದ್ದು ಕಾಣೋದು ರಕ್ತ ಗಟ್ಟಿಯಾಗೋದಲ್ಲ, ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯೋದು. ಅದರಲ್ಲಿ ದೊಡ್ಡ ಪಾಲು ಆ ಹಿಡಿತವನ್ನು ಸಡಿಲಿಸುವ ಡಿಪಿಜಿ ಅನ್ನೋ ಅಣುವಿಗೆ ಸ್ಪಂದನೆ ಕಡಿಮೆಯಾದದ್ದರಿಂದ. ಬೋನಿನಲ್ಲಿ ಸತ್ತ ಇಲಿಯಿಂದ ಆ ಅಳತೆ ಆಗದ ಮಾತು.

ಶೀರ್ಷಿಕೆ ಬದಲಿಸಿ. "ಹಾಸನ–ಚಿಕ್ಕಮಗಳೂರು ಇಲಿಗಳ ಬೀಟಾ ಗ್ಲೋಬಿನ್ ಜೀನ್‌ಗಳ ಸಂಖ್ಯೆ ಮತ್ತು ವೈವಿಧ್ಯ" ಅಂದರೆ ಈಗಿರುವ ಸ್ಯಾಂಪಲ್ಲೇ ಸಾಕು. ಎತ್ತರದ ಭಾಗಕ್ಕೆ ಜೀನ್‌ಬ್ಯಾಂಕ್‌ನ ಡಿಯರ್ ಮೌಸ್ ಸರಣಿ ತಗೊಳ್ಳಿ: ಬೀಟಾದ ಆ ನಾಲ್ಕು ಸ್ಥಾನ, ಆಲ್ಫಾದಲ್ಲಿ 50, 57, 60, 64, 71.

ಬೆಂಚುಮಣೆ, ಹಾಸನ

ಒಂದು ಎಚ್ಚರಿಕೆ ಸೇರಿಸುತ್ತೇನೆ. ಇಲಿ ಮುಟ್ಟುವಾಗ ಕೈಗವಸು ಕಡ್ಡಾಯ, ಇಲಿಜ್ವರ ನಮ್ಮ ಕಡೆ ಇದ್ದೇ ಇದೆ. ಮಲೆನಾಡಿನ ಇಲಿಯ ಮೈಮೇಲೆ ಉಣ್ಣೆ ಹುಳ (ಉಣುಗು) ಇದ್ದರೆ ಮಂಗನ ಕಾಯಿಲೆಯನ್ನೂ ನೆನಪಿಡಿ. ಕೈಯಲ್ಲಿ ಹಿಡಿಯುವ ಮೊದಲು ಇಲಿಯನ್ನು ಚೀಲದಲ್ಲಿ ಕಟ್ಟಿ. ಟೇಬಲ್ಲಿಗೆ 1% ಹೈಪೋಕ್ಲೋರೈಟ್. ಕಾಡಿನೊಳಗೆ ಬೋನು ಇಡುವ ಯೋಚನೆ ಇದ್ದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲು.

ಕಣದಂಚು, ಚಿಕ್ಕಮಗಳೂರು

ಎಲ್ಲರಿಗೂ ಧನ್ಯವಾದ. ಹಿಸ್ಟಿಡೀನ್ ಹಿಡಿದು ಎಣಿಸಿದೆ, 62 ಸರಿಯಾಯಿತು. ಎಕ್ಸಾನ್ ಜೋಡಿಸಿದ ಮೇಲೆ 444 ಬೇಸ್. ಸೈಟೋಕ್ರೋಮ್-ಬಿಯಲ್ಲಿ 24ರ ಪೈಕಿ 19 ಮಸ್ ಮಸ್ಕ್ಯುಲಸ್, ಐದು ರ‍್ಯಾಟಸ್, ಐದನ್ನೂ ತೆಗೆದಿಟ್ಟೆ. ಶೀರ್ಷಿಕೆ ಬದಲಿಸಲು ಗೈಡ್ ಒಪ್ಪಿದ್ದಾರೆ.

ಈಗ ಕ್ಲೋನಿಂಗ್ ಕೈಕೊಟ್ಟಿದೆ. ತಟ್ಟೆ ತುಂಬ ನೀಲಿ ಕಾಲನಿ (ತುಣುಕು ಸೇರದವು), ಬಿಳಿಯದು (ಸೇರಿದ್ದು) ಎರಡೋ ಮೂರೋ. ತಪ್ಪು ಕಡಿಮೆಯಾಗಲಿ ಅಂತ ಈ ಸಲ ಹೈ-ಫಿಡೆಲಿಟಿ ಪಾಲಿಮರೇಸ್ (ನಕಲು ಮಾಡುವ ಕಿಣ್ವ) ಹಾಕಿದ್ದೆ.

ಹೇಮಾವತಿ ದಂಡೆ, ಸಕಲೇಶಪುರ

ಅದೇ ಕಾರಣ. ಟಿಎ ವೆಕ್ಟರ್‌ಗೆ ತುದಿಯಲ್ಲಿ ಒಂದು 'ಎ' ಬೇಸ್ ಬೇಕು. ಟ್ಯಾಕ್ ಅನ್ನೋ ಮಾಮೂಲಿ ಕಿಣ್ವ ಅದನ್ನು ತಾನೇ ಹಚ್ಚುತ್ತೆ, ಹೈ-ಫಿಡೆಲಿಟಿ ಕಿಣ್ವಗಳಲ್ಲಿ ಹೆಚ್ಚಿನವು ತುದಿಯನ್ನು ಮೊಂಡಾಗಿ ಬಿಡುತ್ತವೆ. ಕಿಣ್ವ ಒಳ್ಳೆಯದೇ, ಬಿಡಬೇಡಿ. ಉತ್ಪನ್ನವನ್ನು ಮೊದಲು ಕಾಲಂನಲ್ಲಿ ಶುದ್ಧ ಮಾಡಿ. ಹಾಗೇ ಬಿಟ್ಟರೆ ಹಳೇ ಕಿಣ್ವ ನೀವು ಹಚ್ಚಿದ 'ಎ'ಯನ್ನು ಮತ್ತೆ ಕಡಿದು ಹಾಕುತ್ತೆ. ಆಮೇಲೆ ಟ್ಯಾಕ್ ಬಫರ್, 1.5 ಮಿಲಿಮೋಲಾರ್ ಮೆಗ್ನೀಸಿಯಂ, ಬರೀ ಡಿಎಟಿಪಿ 0.2 ಮಿಲಿಮೋಲಾರ್, ಟ್ಯಾಕ್ ಒಂದು ಯೂನಿಟ್, 72 ಡಿಗ್ರಿಯಲ್ಲಿ 20 ನಿಮಿಷ. ಅದೇ ದಿನ ಲೈಗೇಟ್ ಮಾಡಿ (ವೆಕ್ಟರ್‌ಗೆ ಬೆಸೆಯಿರಿ), ಫ್ರಿಜ್‌ನಲ್ಲಿ ವಾರ ಇಟ್ಟರೆ 'ಎ' ಉದುರುತ್ತೆ. 3 ಕಿಲೋಬೇಸ್ ವೆಕ್ಟರ್ 50 ನ್ಯಾನೋಗ್ರಾಂಗೆ ನಿಮ್ಮ 1.5 ಕಿಲೋಬೇಸ್ ತುಣುಕು 75 ನ್ಯಾನೋಗ್ರಾಂ, ಒಂದಕ್ಕೆ ಮೂರರ ಲೆಕ್ಕ.

ಕಣದಂಚು, ಚಿಕ್ಕಮಗಳೂರು

ಬಂತು! ಬಿಳಿ ಕಾಲನಿ ಧಾರಾಳ. ಮೊದಲ ಇಲಿಯಿಂದ 16 ಓದಿಸಿದೆ, ಎಲ್ಲ ಒಂಟಿ ಪೀಕ್. ಒಂದು ಸರಣಿ 9 ಸಲ, ಇನ್ನೊಂದು 6 ಸಲ. ಉಳಿದ ಒಂದು ಕಾಲನಿಯಲ್ಲಿ ಮೊದಲರ್ಧ ಒಂದನೆಯದರಂತೆ, ಕೊನೆಯರ್ಧ ಎರಡನೆಯದರಂತೆ ಇದೆ. ಇದನ್ನು ಜೀನ್ ಕನ್ವರ್ಶನ್ (ಒಂದು ಜೀನ್‌ನ ತುಂಡು ಪಕ್ಕದ ಜೀನ್‌ಗೆ ನಕಲಾಗೋದು) ಅಂತ ಬರೆಯಬಹುದಾ?

ಹೇಮಾವತಿ ದಂಡೆ, ಸಕಲೇಶಪುರ

ಈಗಲೇ ಬೇಡ. ದಂಶಕಗಳ ಗ್ಲೋಬಿನ್‌ನಲ್ಲಿ ಜೀನ್ ಕನ್ವರ್ಶನ್ ಇರುವುದು ನಿಜ, ಅದಕ್ಕೇ ಎಲ್ಲರಿಗೂ ಆಸೆ ಹುಟ್ಟೋದು. ಆದರೆ ಹದಿನಾರರಲ್ಲಿ ಒಂದೇ ಒಂದು ಇದ್ದರೆ ಮೊದಲ ಅನುಮಾನ ಪಿಸಿಆರ್ ಮೇಲೆ. ಅರ್ಧ ಬೆಳೆದ ಎಳೆ ಮುಂದಿನ ಸೈಕಲ್‌ನಲ್ಲಿ ಪಕ್ಕದ ಜೀನ್‌ಗೆ ಅಂಟಿ ಪೂರ್ತಿಯಾಗಿರುತ್ತೆ. 35 ಸೈಕಲ್ ಇದಕ್ಕೆ ಜಾಸ್ತಿಯೇ ಆಯಿತು. 25ಕ್ಕೆ ಇಳಿಸಿ, ಎಕ್ಸ್‌ಟೆನ್ಶನ್ ಸಮಯವನ್ನು ಎರಡು ಪಟ್ಟು ಮಾಡಿ, ಅದೇ ಇಲಿಯ ಡಿಎನ್‌ಎಯಿಂದ ಹೊಸದಾಗಿ ಎರಡು ಟ್ಯೂಬ್ ಬೇರೆಬೇರೆ ಓಡಿಸಿ. ಎರಡರಲ್ಲೂ ಅದೇ ಜಾಗದಲ್ಲಿ ಮುರಿದು ಕೂಡಿದ ಸರಣಿ ಸಿಕ್ಕರೆ ಇಲ್ಲಿ ಫೈಲ್ ಹಾಕಿ, ನೋಡೋಣ. ಸಿಗದಿದ್ದರೆ ಆ ಕಾಲನಿಯನ್ನು ಅಳಿಸಿ ಮುಂದಿನ ಇಲಿಗೆ ಹೋಗಿ.