ಹೃದಯ ಕಸಿ ಆದವರಿಗೆ ನೆಗಡಿ, ಮೈಕೈ ನೋವಿನ ಗುಳಿಗಿ ಮೆಡಿಕಲ್‌ನಿಂದ ತಂದು ಕೊಡಬಹುದೇನ್ರಿ?

ಪ್ರಶ್ನೆ (ಸೇಡಂ)
ನಮ್ಮ ಕಾಕಾಗ ಬೆಂಗಳೂರಾಗ ಹೃದಯ ಕಸಿ ಆಗ್ಯಾದ. ಹೊಸ ಹೃದಯನ ಮೈ ತಿರಸ್ಕರಿಸದಂಗ ರೋಗನಿರೋಧಕ ಶಕ್ತಿ ತಗ್ಗಿಸೋ ಗುಳಿಗಿ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೊಲೋನ್ ನಡದಾವ. ಈಗ ನೆಗಡಿ, ಮೈಕೈ ನೋವು, ಜೊತಿಗೆ ಎದಿ ಉರಿ. ಮೆಡಿಕಲ್‌ನವರು ಕಾಂಬಿಫ್ಲಾಮ್, ಒಂದು ನೆಗಡಿ ಗುಳಿಗಿ, ಡೈಜೀನ್ ಕೊಟ್ಟಾರ. ಇಷ್ಟಕ್ಕೂ ಕಸಿ ಮಾಡಿದ ಆಸ್ಪತ್ರಿಗೆ ಫೋನ್ ಹಚ್ಚಬೇಕಾ?

ಉತ್ತರ 1 (ಫಾರ್ಮಸಿಸ್ಟ್, ಕಲಬುರಗಿ)
ಹಚ್ರಿ. ಅಲ್ಲೀತನಕ ಮೊದಲಿನ ಎರಡೂ ಬ್ಯಾಡ.

ಕಾಂಬಿಫ್ಲಾಮ್‌ನಾಗ ಪ್ಯಾರಾಸಿಟಮಾಲ್ 325 ಮಿ.ಗ್ರಾಂ ಜೊತಿಗೆ ಐಬುಪ್ರೊಫೇನ್ 400 ಅದ. ಟ್ಯಾಕ್ರೋಲಿಮಸ್ ಮೊದಲೇ ಕಿಡ್ನಿಗೆ ಹೋಗೋ ರಕ್ತನಾಳ ಬಿಗಿ ಮಾಡಿರ್ತದ. ಆ ನಾಳ ಸಡಿಲ ಇಡೋ ಪ್ರೊಸ್ಟಾಗ್ಲಾಂಡಿನ್‌ನ ಐಬುಪ್ರೊಫೇನ್ ತಡೀತದ. ಎರಡೂ ಕೂಡಿದ್ರ ರಕ್ತದಾಗ ಕ್ರಿಯಾಟಿನಿನ್ (ಕಿಡ್ನಿ ಹೊರಗ ಹಾಕಬೇಕಾದ ಕಸ), ಪೊಟ್ಯಾಸಿಯಂ ಏರ್ತಾವ. ನಮ್ಮ ಕಡಿ ಬ್ಯಾಸಗ್ಯಾಗ ಮೈಯಾಗಿನ ನೀರು ಕಡಿಮಿ ಆದಾಗಂತೂ ಕೇಳಬ್ಯಾಡ್ರಿ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನಿಮೆಸುಲೈಡ್ ಎಲ್ಲಾ ಅದೇ ಜಾತಿ. ಮುಂದಿನ ದೊಡ್ಡ ಹೆಸರು ಬಿಡ್ರಿ, ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದ್ರಿ. ಡಾಕ್ಟರ್ ಬರೆದುಕೊಟ್ಟ 75ರ ಆಸ್ಪಿರಿನ್ ಇದ್ರ ಅದರ ಲೆಕ್ಕ ಬ್ಯಾರೆ, ತಾವಾಗೇ ನಿಲ್ಲಿಸಬ್ಯಾಡ್ರಿ.

ನೆಗಡಿ ಗುಳಿಗ್ಯಾಗ ಬಹಳ ಸಲ ಕಟ್ಟಿದ ಮೂಗು ಬಿಡಿಸೋ ಫಿನೈಲ್‌ಎಫ್ರಿನ್ ಇರ್ತದ. ಅದು ಬಿ.ಪಿ. ಏರಿಸ್ತದ. ಕಸಿ ಮಾಡಿದ ಹೃದಯಕ್ಕ ನರದ ಕಡಿವಾಣ ಇರಂಗಿಲ್ಲ, ಸುಮ್ಮನ ಕುಂತಾಗೂ ನಿಮಿಷಕ್ಕ 90ರ ಮ್ಯಾಲ ಬಡೀತಿರ್ತದ. ಮೂಗಿಗೆ ಸಲೈನ್ ಹನಿ ಸಾಕು. ಸೀನು ಜಾಸ್ತಿ ಇದ್ರ ಸೆಟ್ರಿಜಿನ್ ಕೇಳಿ ನೋಡ್ರಿ. ಕಿಡ್ನಿ ಸೊರಗಿದ್ರ ಅದರ ಡೋಸ್ ಇಳಿಸ್ತಾರ.

ನೋವಿಗೆ ಬರೀ ಪ್ಯಾರಾಸಿಟಮಾಲ್ 500, ಆರು ತಾಸಿನ ಅಂತರ. ಅದೇ ಪ್ಯಾರಾಸಿಟಮಾಲ್ ನೆಗಡಿ ಗುಳಿಗ್ಯಾಗೂ ಇರ್ತದ, ಎರಡೆರಡು ಸಲ ಹೋಗದಂಗ ನೋಡ್ಕೋರಿ.

ಉತ್ತರ 2 (ಬೀದರ್)
ಡೈಜೀನ್ ಬಗ್ಗೆ: ಅದರ ಮೆಗ್ನೀಸಿಯಂ, ಅಲ್ಯುಮಿನಿಯಂ ಮೈಕೋಫಿನೋಲೇಟನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರೋದನ್ನ ಕಡಿಮೆ ಮಾಡ್ತವೆ. ಕನಿಷ್ಠ 2 ಗಂಟೆ ಅಂತರ ಇರಲಿ. ಆಮ್ಲ ತಗ್ಗಿಸೋ ಪ್ಯಾಂಟೊಪ್ರಜೋಲ್ ತರಹದ್ದೂ ಕೇಳಿಯೇ ಶುರು ಮಾಡಿ. ಈನೋದಲ್ಲಿ ಸೋಡಿಯಂ ತುಂಬಾ.

ನೆಗಡಿಗೆಂದು ಅಂಗಡಿಯಲ್ಲಿ ಆಂಟಿಬಯೋಟಿಕ್ ಕೊಟ್ಟರೂ ಬೇಡವೇ ಬೇಡ. ಅಂಥದ್ದೇ ಕ್ಲಾರಿಥ್ರೋಮೈಸಿನ್ ರಕ್ತದಲ್ಲಿನ ಟ್ಯಾಕ್ರೋಲಿಮಸ್ ಮಟ್ಟವನ್ನು ಮೇಲಕ್ಕೆ ಒಯ್ಯುತ್ತೆ, ಕೈ ನಡುಗೋಕೆ ಶುರುವಾಗುತ್ತೆ. ಫಂಗಸ್‌ನ ಫ್ಲುಕೊನಜೋಲ್ ಕೂಡ ಹಾಗೇ. ಚಕ್ಕೋತ ತಿನ್ನಬಾರದು. ಅಮೃತಬಳ್ಳಿ, ಅಶ್ವಗಂಧದ ಕಷಾಯ ಮನೆಮದ್ದು ಅಂತ ಕೊಡ್ತಾರೆ. ರೋಗನಿರೋಧಕ ಶಕ್ತಿಯನ್ನ ಬೇಕಂತಲೇ ತಗ್ಗಿಸಿಟ್ಟವರಿಗೆ ಅದನ್ನ ಹೆಚ್ಚಿಸೋ ಔಷಧ ಯಾಕ್ರಿ?

ಪ್ರಶ್ನೆ ಕೇಳಿದವರು
ಜ್ವರ ಬಂದ್ರ ಪ್ಯಾರಾಸಿಟಮಾಲ್ ಕೊಟ್ಟು ಒಂದು ದಿನ ನೋಡಲೇನ್ರಿ?

ಉತ್ತರ 3 (ಸ್ಟಾಫ್ ನರ್ಸ್, ಯಾದಗಿರಿ)
ಬ್ಯಾಡ್ರಿ. ಗುಳಿಗಿ ಕೊಡೋಕಿಂತ ಮೊದಲು ಥರ್ಮಾಮೀಟರ್ ಇಡ್ರಿ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರ ಆಗಿಂದಾಗ ಫೋನ್, ರಾತ್ರಿ ಆದ್ರೂನು. ಪ್ರೆಡ್ನಿಸೊಲೋನ್ ಜ್ವರ ಮುಚ್ಚಿಡ್ತದ, ಹಂಗಾಗಿ ಜ್ವರ ಇಲ್ಲದ ಸುಸ್ತನ್ನೂ ಹಗುರ ತಗೋಬ್ಯಾಡ್ರಿ. ದಮ್ಮು ಹತ್ತೋದು, ಕಾಲು ಬಾವು, ದಿಢೀರ್ ತೂಕ ಏರೋದು ಕಂಡ್ರೂ ಹೇಳ್ರಿ. ನರ ಕತ್ತರಿಸಿದ ಹೃದಯಕ್ಕ ಎದಿ ನೋವು ಬಾರದೇನೂ ಇರಬಹುದು. ಭೇದಿ ಆದ್ರ ಟ್ಯಾಕ್ರೋಲಿಮಸ್ ಮಟ್ಟ ಏರ್ತದ, ಅದಕ್ಕೂ ಅಂಗಡಿ ಗುಳಿಗಿ ಬ್ಯಾಡ. ಮಟ್ಟ ನೋಡಿಸೋದಿದ್ರ ಮುಂಜಾನಿ ಡೋಸ್ ತಗೊಳ್ಳೋಕಿಂತ ಮೊದಲೇ ರಕ್ತ ಕೊಡ್ರಿ. ಕೊಟ್ಟ ಮೂರೂ ಸ್ಟ್ರಿಪ್‌ಗಳ ಹಿಂಬದಿ ಫೋಟೊ ತಗದು ಕಸಿ ಕೋಆರ್ಡಿನೇಟರ್‌ಗೆ ವಾಟ್ಸಾಪ್ ಮಾಡ್ರಿ.