ಬಣ್ಣ ಬದಲಿಸುವ ಗುಲಾಬಿ ಒಂದು ಪಕ್ಕ ಬರೀ ಕೆಂಪಾಗಿದೆ: ಬೆಳೆಸಿದವರ ಅನುಭವ ಬೇಕು

ಹಿತ್ತಲಗಿಡ (ಕೇಳಿದವರು):
ಮಾಸ್ಕರೇಡ್ ತಳಿ, ನೆಲದಲ್ಲಿದೆ. ಹಳದಿಯಾಗಿ ಬಿರಿದು, ಗುಲಾಬಿ ಬಣ್ಣಕ್ಕೆ ತಿರುಗಿ, ಉದುರುವ ಹೊತ್ತಿಗೆ ಕೆಂಪಾಗುತ್ತಿತ್ತು. ಒಂದೇ ಗೊಂಚಲಲ್ಲಿ ಮೂರೂ ಬಣ್ಣ. ಈ ಸಲ ಒಂದು ಪಕ್ಕ ಉದ್ದುದ್ದ ಕೊಂಬೆ ಎದ್ದು ಕಡುಗೆಂಪು ಹೂ ಮಾತ್ರ ಬಿಡುತ್ತಿವೆ. ಇನ್ನೊಂದು ಪಕ್ಕ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಏನು ಹಾಕಬೇಕು? ಬೆಳೆಸಿದವರು ಹೇಳಿ.

ಕಸಿಕತ್ತಿ:
ಹಾಕುವ ಮಾತು ಆಮೇಲೆ, ಮೊದಲು ಬುಡ ಬಗೆದು ನೋಡಿ. ಆ ಕೊಂಬೆ ಕಸಿ ಗಂಟಿನ (ಕಸಿ ಕೂಡಿದ ಜಾಗದ) ಕೆಳಗಿಂದ ಬಂದಿದ್ದರೆ ಅದು ನಿಮ್ಮ ತಳಿಯೇ ಅಲ್ಲ, ಬೇರುಸಸಿಯ, ಅಂದರೆ ಕಸಿಗೆ ಬುಡವಾಗಿ ಬಳಸಿದ ಬೇರೆ ಗುಲಾಬಿಯ ಚಿಗುರು. ಕಡುಗೆಂಪು ಅಂದರೆ ಡಾಕ್ಟರ್ ಹ್ಯೂಯಿ ಎಂಬ ಬೇರುಸಸಿ ಇರಬಹುದು; ಮಲ್ಟಿಫ್ಲೋರಾ ಎಂಬ ಇನ್ನೊಂದು ಬೇರುಸಸಿ ಆಗಿದ್ದರೆ ಸಣ್ಣ ಬಿಳಿ ಹೂವಿನ ಗೊಂಚಲು ಬರುತ್ತಿತ್ತು. ನಾನು ತೆಗೆಯುವ ಕ್ರಮ ಇದು: ಹಿಂದಿನ ದಿನ ನೀರು ಬಿಟ್ಟು ಮಣ್ಣು ಮೆತ್ತಗಾಗಿಸಿ, ಚಿಗುರು ಬೇರಿಗೆ ಅಂಟಿದ ಜಾಗ ಕಾಣುವ ತನಕ ಕೈಯಲ್ಲೇ ಮಣ್ಣು ಸರಿಸಿ, ದಪ್ಪ ಕೈಗವಸು ಹಾಕಿ, ಬುಡ ಹಿಡಿದು ಕೆಳಮುಖವಾಗಿ ಎಳೆದು ಕೀಳುವುದು. ಬೇರಿಗೆ ಕೂಡಿದ ದಪ್ಪ ಭಾಗವೂ ಅದರ ಜೊತೆ ಬರಬೇಕು. ಕತ್ತರಿಸಿಬಿಟ್ಟರೆ ಬುಡದಲ್ಲಿ ಸುಮ್ಮನಿದ್ದ ಕಣ್ಣುಗಳು (ಚಿಗುರಿನ ಮೊಗ್ಗುಗಳು) ಒಡೆದು, ಒಂದಿದ್ದ ಕಡೆ ನಾಲ್ಕು ಏಳುತ್ತವೆ. ಹೆಬ್ಬೆರಳು ದಪ್ಪ ಆಗಿದ್ದರೆ ಎಳೆತಕ್ಕೆ ಬಗ್ಗುವುದಿಲ್ಲ. ಚೂಪು ಚಾಕುವಿನಲ್ಲಿ ಬೇರಿನ ತೊಗಟೆಯ ಚೂರಿನ ಸಮೇತ ಕೆತ್ತಬೇಕು. ಏಳು ಎಲೆಗರಿ ಇದ್ದರೆ ಕಾಡುಚಿಗುರು, ಐದಿದ್ದರೆ ತಳಿಯದು ಎಂಬ ಲೆಕ್ಕ ನಂಬಬೇಡಿ. ಎಷ್ಟೋ ಕಸಿ ತಳಿಗಳಲ್ಲೂ ಏಳು ಬರುತ್ತದೆ. ಎಲ್ಲಿಂದ ಹುಟ್ಟಿದೆ ಅನ್ನುವುದೊಂದೇ ಸಾಕ್ಷಿ.

ಸ್ವಂತಬೇರು:
ಕಸಿ ಗಿಡ ತಂದವರಿಗೆಲ್ಲ ಇದೇ ಗೋಳು. ನನ್ನ ಗಿಡಗಳೆಲ್ಲ ಕಡ್ಡಿ ನೆಟ್ಟು ಬೆಳೆಸಿದವು, ಬುಡದಿಂದ ಏನೇ ಎದ್ದರೂ ಅದೇ ತಳಿಯ ಹೂ. ಮಾಸ್ಕರೇಡ್ 1949ರ ತಳಿ, ಪೇಟೆಂಟ್ ಅವಧಿ ಮುಗಿದು ಎಷ್ಟೋ ಕಾಲವಾಯಿತು, ಧಾರಾಳವಾಗಿ ಕಡ್ಡಿ ಮಾಡಬಹುದು. ಹೂ ಆಗತಾನೆ ಮುಗಿದ ಕೊಂಬೆ, ಪೆನ್ಸಿಲ್ ದಪ್ಪ, 15ರಿಂದ 20 ಸೆಂ.ಮೀ. ಉದ್ದ, ನಾಲ್ಕು ಕಣ್ಣು. ಕೊನೆಯ ಕಣ್ಣಿನ ಸರಿ ಕೆಳಗೆ ಕತ್ತರಿಸಿ, ಮೇಲಿನ ಎರಡು ಎಲೆ ಉಳಿಸಿ, ಎರಡು ಕಣ್ಣು ಮಣ್ಣೊಳಗೆ ಹೋಗುವಂತೆ ನೆಡಿ. ದಪ್ಪ ಮರಳು, ಕೋಕೋಪೀಟ್ ಸಮಸಮ; ಗೊಬ್ಬರ ಬೇಡವೇ ಬೇಡ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ, ಬೆಳಕಿರುವ ನೆರಳಲ್ಲಿಡಿ. ಬೇರು ಬರಲು ನಾಲ್ಕರಿಂದ ಎಂಟು ವಾರ ಬೇಕು. ಮೊದಲ ವಾರಗಳಲ್ಲಿ ಚಿಗುರು ಕಂಡರೆ ಬೇರು ಬಂತೆಂದು ಕಿತ್ತು ನೋಡಬೇಡಿ, ಅದು ಕಡ್ಡಿಯೊಳಗಿದ್ದ ಸತ್ವದ ಚಿಗುರು. ತಳ ಕಪ್ಪಾದರೆ ನೀರು ಹೆಚ್ಚಾಗಿದೆ ಎಂದರ್ಥ.

ಕಸಿಕತ್ತಿ:
@ಸ್ವಂತಬೇರು, ಎಲ್ಲ ತಳಿಗೂ ಸ್ವಂತ ಬೇರಿನ ಕಸುವು ಇರುವುದಿಲ್ಲ ಎಂದು ಯಾಕೆ ಹೇಳುವುದಿಲ್ಲ? ಕಾಂಡಕ್ಕೊಂದು ದೊಡ್ಡ ಹೂ ಬಿಡುವ ಹೈಬ್ರಿಡ್ ಟೀ ಗುಂಪಿನ ಎಷ್ಟೋ ತಳಿಗಳು ಸ್ವಂತ ಬೇರಿನ ಮೇಲೆ ವರ್ಷಗಟ್ಟಲೆ ಮೊಣಕಾಲೆತ್ತರಕ್ಕೇ ನಿಂತುಬಿಡುತ್ತವೆ. ಬೇರುಗಂಟು ಜಂತುಹುಳು ಇರುವ ಮರಳು ಮಣ್ಣಿನಲ್ಲಿ ಫೋರ್ಚುನಿಯಾನಾ ಬೇರುಸಸಿ ತಡೆದುಕೊಳ್ಳುವಂತೆ ಬರೀ ಕಡ್ಡಿಗಿಡ ತಡೆದುಕೊಳ್ಳುತ್ತದೆಯೇ? ಗೊತ್ತಿದ್ದೂ ಅರ್ಧ ಹೇಳುವುದು ತಪ್ಪು.

ಅಂಗಳದಕ್ಕ:
ಹಳದಿ ಎಲೆಗೆ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಹಾಕಿ. ಹತ್ತು ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ತಿಂಗಳಿಗೊಮ್ಮೆ ಬುಡಕ್ಕೆ. ನನ್ನ ಗಿಡದ ಎಲೆ ಮಿರಮಿರ ಮಿಂಚುತ್ತವೆ. ಬಾಳೆಸಿಪ್ಪೆ ಹೂಳುವುದನ್ನೂ ಬಿಡಬೇಡಿ, ಪೊಟ್ಯಾಷ್ ಸಿಗುತ್ತದೆ.

ಮಣ್ಣುಪರೀಕ್ಷೆ:
ಅಕ್ಕ, ಬೇಸರ ಮಾಡಿಕೊಳ್ಳಬೇಡಿ, ಈ ಗಿಡಕ್ಕೆ ಆ ಮದ್ದು ತಪ್ಪು. ಮೆಗ್ನೀಸಿಯಂ ಕಡಿಮೆಯಾದರೆ ಹಳದಿಯಾಗುವುದು ಕೆಳಗಿನ ಹಳೆ ಎಲೆ, ಏಕೆಂದರೆ ಗಿಡ ಅದನ್ನು ಹಳೆಯದರಿಂದ ಎಳೆದು ಹೊಸದಕ್ಕೆ ಕೊಡುತ್ತದೆ. ಕಬ್ಬಿಣ ಹಾಗೆ ಸಾಗುವುದಿಲ್ಲ, ಅದಕ್ಕೇ ತುದಿಯ ಹೊಸ ಎಲೆ ಹಳದಿ, ನರ ಹಸಿರು. ಇಲ್ಲಿ ಕಾಣುತ್ತಿರುವುದು ಕಬ್ಬಿಣದ ಕೊರತೆ. ಅದರ ಮೇಲೆ ಎಪ್ಸಮ್ ಸುರಿದರೆ ಮೆಗ್ನೀಸಿಯಂ ಹೆಚ್ಚಾಗಿ ಕ್ಯಾಲ್ಸಿಯಂ, ಪೊಟ್ಯಾಷ್ ಹೀರುವುದಕ್ಕೂ ಅಡ್ಡಿ.

ಹೆಚ್ಚಿನ ಸಲ ಕಬ್ಬಿಣ ಮಣ್ಣಿನಲ್ಲೇ ಇರುತ್ತದೆ, ಬೇರಿಗೆ ದಕ್ಕುವುದಿಲ್ಲ. ಗುಲಾಬಿಗೆ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 6ರಿಂದ 6.5 ಹಿತ, 7.5 ದಾಟಿದರೆ ಈ ಕಾಯಿಲೆ. ಒಣ ಮಣ್ಣಿನ ಮೇಲೆ ವಿನೆಗರ್ ಹನಿಸಿ: ನೊರೆ ಎದ್ದರೆ ಸುಣ್ಣವಿದೆ, ಅಂಥ ಕಡೆ ಪಿಎಚ್ ಇಳಿಸಲು ಗಂಧಕ ಹಾಕುತ್ತ ಕೂತರೆ ಸುಣ್ಣವೇ ಅದನ್ನೆಲ್ಲ ತಿಂದುಹಾಕುತ್ತದೆ. ನೊರೆ ಬರದಿದ್ದರೆ ಗಂಧಕದ ಪುಡಿ ಕೆಲಸ ಮಾಡುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ತೇವ ಮತ್ತು ಬೆಚ್ಚಗಿನ ಮಣ್ಣು ಬೇಕು. ಸುಣ್ಣದ ಮಣ್ಣಿಗೆ ಕೀಲೇಟ್ ಕಬ್ಬಿಣವೇ (ಬೇರಿಗೆ ದಕ್ಕುವಂತೆ ಕಬ್ಬಿಣವನ್ನು ಹಿಡಿದಿಡುವ ರಾಸಾಯನಿಕದ ಜೊತೆ ಕೂಡಿಸಿದ್ದು) ದಾರಿ, ಅದರಲ್ಲೂ ಯಾವ ಕೀಲೇಟ್ ಎಂದು ಓದಿ ಕೊಳ್ಳಿ. ಇಡಿಟಿಎ ಪಿಎಚ್ 6.5ರ ಆಸುಪಾಸಿಗೇ ಕೈಬಿಡುತ್ತದೆ, ಡಿಟಿಪಿಎ 7ರ ಮೇಲೆ ಸ್ವಲ್ಪ ದೂರ ಬರುತ್ತದೆ, ಇಡಿಡಿಎಚ್‌ಎ 9ರ ತನಕ ನಿಲ್ಲುತ್ತದೆ. ಇಡಿಡಿಎಚ್‌ಎಯನ್ನು ಪೊಟ್ಟಣದ ಅಳತೆಯಲ್ಲಿ ಕರಗಿಸಿ, ಸಂಜೆ, ತೇವವಿರುವ ಬುಡಕ್ಕೆ ಹಾಕಿ ಮೇಲೆ ನೀರು ಬಿಡಿ. ಬೆಳಕಿಗೆ ಅದು ಒಡೆದುಹೋಗುತ್ತದೆ, ಎಲೆಗೆ ಸಿಂಪಡಿಸಬೇಡಿ. ನೀರು ನಿಲ್ಲುವ ಮಣ್ಣಾದರೆ ಇದ್ಯಾವುದೂ ಉಪಯೋಗವಿಲ್ಲ, ಉಸಿರುಕಟ್ಟಿದ ಬೇರು ಕಬ್ಬಿಣ ಎತ್ತುವುದಿಲ್ಲ.

ಅಂಗಳದಕ್ಕ:
ಪುಸ್ತಕ ಓದಿದವರೆಲ್ಲ ಬಂದು ನಮ್ಮ ಕೈಯನ್ನು ತಪ್ಪೆನ್ನುತ್ತೀರಿ. ನನ್ನ ಗಿಡ ಹೂ ಬಿಡುತ್ತಿರುವುದು ಕಣ್ಣೆದುರಿಗಿದೆ.

ಮಣ್ಣುಪರೀಕ್ಷೆ:
ನಿಮ್ಮ ಮಣ್ಣು ಹುಳಿ ಇದ್ದರೆ, ಮೆಗ್ನೀಸಿಯಂ ನಿಜವಾಗಿ ಕಡಿಮೆ ಇದ್ದರೆ ಎಪ್ಸಮ್ ಒಳ್ಳೆಯದೇ, ಅದನ್ನು ಅಲ್ಲಗಳೆದಿಲ್ಲ. ಬಾಳೆಸಿಪ್ಪೆಯನ್ನು ಕಾಂಪೋಸ್ಟ್ ಗುಂಡಿಗೆ ಹಾಕಿ ಕೊಳೆಸಿ ತನ್ನಿ, ಹಸಿಯಾಗಿ ಹೂತರೆ ಬೇರಿನ ಸುತ್ತ ಇರುವೆ, ಹೆಗ್ಗಣ.

ಬಿಸಿಲುಮಚ್ಚು:
ಬಣ್ಣದ ಪ್ರಶ್ನೆಗೆ ಯಾರೂ ಬರಲಿಲ್ಲ. ಮಾಸ್ಕರೇಡ್‌ನಲ್ಲಿ ಹಳದಿಯ ಕ್ಯಾರೊಟಿನಾಯ್ಡ್ ಮಾಸುತ್ತ ಹೋದಂತೆ ಕೆಂಪಿನ ಆಂಥೋಸಯನಿನ್ ಬಿಸಿಲಿಗೆ ಕೂಡಿಕೊಳ್ಳುತ್ತದೆ. ನೆರಳಿದ್ದರೆ ಕೆಂಪು ಏರುವುದೇ ಇಲ್ಲ, ಕನಿಷ್ಠ ಆರು ಗಂಟೆ ಬಿಸಿಲು ಬೇಕು. ನನ್ನಲ್ಲಿರುವ ಡಬಲ್ ಡಿಲೈಟ್ ಎಂಬ ಗುಲಾಬಿ ತಳಿ ಇನ್ನೂ ಸೂಕ್ಷ್ಮ: ಅದರ ಕೆಂಪು ಅಂಚಿಗೆ ನೇರಳಾತೀತ ಕಿರಣ ಬೇಕು, ಆ ಕಿರಣ ತಡೆಯುವ ಹಾಳೆಯ ಕೆಳಗೆ ಇಟ್ಟರೆ ಕೆನೆ ಬಣ್ಣದಲ್ಲೇ ಉಳಿಯುತ್ತದೆ. ಬಿರುಬೇಸಿಗೆಯಲ್ಲಿ ಹೂ ಬೇಗ ಅರಳಿ ಬೇಗ ಮಾಸುತ್ತದೆ, ಅದು ರೋಗವಲ್ಲ. ಇನ್ನೊಂದು, ಮಾಸ್ಕರೇಡ್ ಕಾಯಿ ಕಟ್ಟುವುದರಲ್ಲಿ ಮುಂದು. ಕಾಯಿ ಬಿಟ್ಟರೆ ಮುಂದಿನ ಸುತ್ತಿನ ಹೂ ನಿಂತೇಹೋಗುತ್ತದೆ. ಗೊಂಚಲಿನ ಕೊನೆಯ ಹೂ ಬಾಡಿದ ಕೂಡಲೇ ಐದೆಲೆಯ ಗರಿಯ ಮೇಲೆ, ಹೊರಮುಖದ ಕಣ್ಣಿನಿಂದ ಅರ್ಧ ಸೆಂ.ಮೀ. ಬಿಟ್ಟು ಓರೆಯಾಗಿ ಕತ್ತರಿಸಿ. ಆರೇಳು ವಾರಕ್ಕೆ ಮತ್ತೆ ಹೂ.

ಸಿಕೇಟರ್:
ಓರೆ ಕಡಿತ, 45 ಡಿಗ್ರಿ, ಇದೆಲ್ಲ ಎಷ್ಟು ಕಾಲ ಹೇಳುತ್ತೀರಿ? ನೀರು ಜಾರಲಿ ಎಂದು ಓರೆ ಮಾಡಿದರೆ ಗಾಯ ದೊಡ್ಡದಾಗುತ್ತದೆ ಅಷ್ಟೇ. ಮುಖ್ಯವಾದದ್ದು ಎರಡು: ಅಲಗು ಚೂಪಾಗಿರಬೇಕು, ತುಂಡು ಉಳಿಯಬಾರದು. ಕಣ್ಣಿನ ಮೇಲೆ ಒಂದು ಇಂಚು ಒಣ ಕಡ್ಡಿ ಬಿಟ್ಟರೆ ಅಲ್ಲಿಂದಲೇ ಒಣಗುರೋಗ ಇಳಿಯುತ್ತದೆ. ಕೊಂಬೆ ಕಪ್ಪಾಗಿ ಇಳಿಯುತ್ತಿದ್ದರೆ ಒಳಗಿನ ತಿರುಳು ಬೆಳ್ಳಗೆ ಕಾಣುವ ತನಕ ಕತ್ತರಿಸುತ್ತ ಹೋಗಬೇಕು, ಕಂದು ಕಂಡರೆ ಇನ್ನೂ ಕೆಳಗೆ. ಪ್ರತಿ ಗಿಡಕ್ಕೂ ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಬಿಸಿಲುಮಚ್ಚು:
ನೇರ ಕತ್ತರಿಸಿದ ತುದಿಯಲ್ಲಿ ನೀರು ನಿಂತು ಕೊಳೆತದ್ದನ್ನು ನೋಡಿಯೇ ಹೇಳುತ್ತಿದ್ದೇನೆ. ನಿಮ್ಮಷ್ಟಕ್ಕೆ ನೇರ ಕತ್ತರಿಸಿಕೊಳ್ಳಿ, ಹೊಸಬರಿಗೆ ಹೇಳಬೇಡಿ.

ಹಿತ್ತಲಗಿಡ (ಕೇಳಿದವರು):
ಬಗೆದು ನೋಡಿದೆ. ಕೆಂಪು ಕೊಂಬೆಗಳು ಗಂಟಿನ ಕೆಳಗಿಂದಲೇ ಬಂದಿವೆ, ಎರಡು ಹೆಬ್ಬೆರಳು ದಪ್ಪ. ಮಣ್ಣಿಗೆ ವಿನೆಗರ್ ಹಾಕಿದರೆ ಸಣ್ಣ ನೊರೆ ಬಂತು. ಗಂಟು ಮಣ್ಣಿನೊಳಗೆ ಎರಡು ಇಂಚು ಹೂತಿದೆ, ಹಾಗಿರಬಹುದೇ?

ಸ್ವಂತಬೇರು:
ಇರಲಿ ಬಿಡಿ, ಗಂಟಿನ ಮೇಲಿಂದ ತಳಿಯದೇ ಬೇರು ಇಳಿಯುತ್ತದೆ. ಹಿಮ ಬೀಳುವ ಕಡೆ ಬೇಕೆಂದೇ ಹಾಗೆ ಹೂಳುತ್ತಾರೆ.

ಕಸಿಕತ್ತಿ:
ಹಿಮ ಬೀಳುವ ಕಡೆಯ ಮಾತನ್ನು ಬೆಚ್ಚಗಿನ ಕಡೆಗೆ ತರಬೇಡಿ. ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಹೂತ ಗಂಟಿಗೆ ಕೊಳೆರೋಗ ತಗಲುತ್ತದೆ, ಕಾಡುಚಿಗುರೂ ಕಣ್ಣಿಗೆ ಬೀಳದೆ ಬೆಳೆಯುತ್ತದೆ. @ಹಿತ್ತಲಗಿಡ, ನಿಮ್ಮಲ್ಲಿ ನೆಲ ಹೆಪ್ಪುಗಟ್ಟದಿದ್ದರೆ ಗಂಟು ಒಂದು ಇಂಚು ಮೇಲೆ ಕಾಣುವಂತೆ ಸುತ್ತಲ ಮಣ್ಣು ಸರಿಸಿ. ಆ ಎರಡು ದಪ್ಪ ಕೊಂಬೆಗಳನ್ನು ಒಂದೇ ದಿನ ಕೆತ್ತಬೇಡಿ, ಮೊದಲನೆಯದರ ಗಾಯ ಒಣಗಿದ ಮೇಲೆ ಇನ್ನೊಂದು.

ಮಣ್ಣುಪರೀಕ್ಷೆ:
ಕೆತ್ತಿದ ಮೇಲೆ ಹೊಸ ಚಿಗುರು ಎರಡು ಬೆರಳುದ್ದ ಬರುವ ತನಕ ಯಾವ ಗೊಬ್ಬರವನ್ನೂ ಕೊಡಬೇಡಿ, ಕೀಲೇಟ್ ಮಾತ್ರ ಸಾಕು.

ಅಂಗಳದಕ್ಕ:
ಬೇವಿನ ಹಿಂಡಿ ಒಂದು ಹಿಡಿ ಹಾಕಿದರೆ ಏನೂ ಆಗುವುದಿಲ್ಲ.

ಮಣ್ಣುಪರೀಕ್ಷೆ:
ಹಾಕಿ, ಆದರೆ ಗಾಯದಿಂದ ಅರ್ಧ ಅಡಿ ದೂರದಲ್ಲಿ.