‘ಚಾರ್ಜ್’ ಅಂದ್ರೆ ಯಾವ ಚಾರ್ಜ್?

ಅಡ್ಮಿನ್: ನಮ್ಮ ಗ್ರೂಪಿಗೆ ಕೋರ್ಟು, ರಿಜಿಸ್ಟ್ರಿ ಕಾಗದಗಳನ್ನ ಕನ್ನಡಕ್ಕೆ ಮಾಡುವ ಮೇಡಂ ಬಂದಿದ್ದಾರೆ. ಇವತ್ತಿನ ಪದ ‘ಚಾರ್ಜ್’. ಕೇಳಿ.

ತುಮಕೂರು: ಬಸ್ ಚಾರ್ಜು, ಮೊಬೈಲ್ ಚಾರ್ಜು, ಚಾರ್ಜ್‌ಶೀಟು. ಎಲ್ಲಾ ಒಂದೇ ಪದ ಹೇಗೆ ಮೇಡಂ?

ಮೇಡಂ: ಮೂಲ ಲ್ಯಾಟಿನ್ನಿನ ‘ಕಾರಸ್’, ಅಂದ್ರೆ ಬಂಡಿ. ಬಂಡಿಗೆ ಹೇರೋದು ಚಾರ್ಜ್. ಫಿರಂಗಿಗೆ ಮದ್ದು ತುಂಬಿದ್ರು, ಆಮೇಲೆ ಬ್ಯಾಟರಿಗೆ ಕರೆಂಟು. ಪ್ರಯಾಣಿಕನ ಮೇಲೆ ದುಡ್ಡು, ಆರೋಪಿ ಮೇಲೆ ತಪ್ಪು. ನಾವೂ ತಪ್ಪು ‘ಹೊರಿಸ್ತೀವಿ’ ಅಂತೀವಲ್ಲ.

ಉಡುಪಿ: ‘ಇನ್‌ಚಾರ್ಜ್ ಹೆಡ್‌ಮಾಸ್ಟರ್’ಗೆ ‘ಪ್ರಭಾರ ಮುಖ್ಯೋಪಾಧ್ಯಾಯ’ ಸರಿಯೋ, ‘ಪ್ರಭಾರಿ’ಯೋ?

ಹಾಸನ: ಹಳೇ ಇಂಗ್ಲಿಷ್ ವಿಭಾಗಪತ್ರದಲ್ಲಿ, ಬಿ ಷೆಡ್ಯೂಲ್ (ಪತ್ರದ ‘ಬಿ’ ಪಟ್ಟಿಯ) ಜಮೀನು ತಾಯಿಯ ಜೀವನಾಂಶಕ್ಕೆ ‘ಚಾರ್ಜ್’ ಆಗಿರುತ್ತೆ ಅಂತಿದೆ. ಟೈಪಿಂಗ್ ಅಂಗಡಿಯವರು ‘ಶುಲ್ಕ ವಿಧಿಸಲಾಗಿದೆ’ ಅಂತ ಮಾಡಿಕೊಟ್ರು. ನನ್ನ ತಮ್ಮ ಆ ಜಮೀನು ಮಾರೋಕೆ ಹೊರಟಿದ್ದಾನೆ. ಸರಿ ಇದೆಯಾ?

ಮೇಡಂ: ಸರಿ ಇಲ್ಲ, ಅಪಾಯ ಇದೆ. ಶುಲ್ಕ ಅಂದ್ರೆ ಕಟ್ಟಿದ್ರೆ ಮುಗೀತು. ಇಲ್ಲಿ ತಾಯಿಗೆ ಸಲ್ಲಬೇಕಾದ ಹಣಕ್ಕೆ ಆ ಜಮೀನೇ ಆಧಾರ. 1882ರ ಸ್ವತ್ತು ವರ್ಗಾವಣೆ ಕಾಯ್ದೆ, 100ನೇ ಸೆಕ್ಷನ್ ನೋಡಿ. ಅಡಮಾನ ಅಲ್ಲ, ಆದ್ರೂ ಜಮೀನಿನ ಮೇಲೆ ಹೊರೆ. ಜೀವನಾಂಶ ಕೊಡದಿದ್ರೆ ಅಮ್ಮ ಕೋರ್ಟಿಗೆ ಹೋಗಿ ಆ ಜಮೀನಿಂದಲೇ ವಸೂಲಿ ಮಾಡಿಸಬಹುದು. ಮಾರಿಬಿಟ್ರೆ? ಕೊಂಡವನಿಗೆ ಈ ಹೊರೆ ಗೊತ್ತಿತ್ತೋ ಇಲ್ವೋ ಅನ್ನೋದೇ ಜಗಳ ಆಗುತ್ತೆ. ನಿಮ್ಮ ಕನ್ನಡ ಪ್ರತಿ ಓದಿದವನಿಗೆ ಗೊತ್ತಾಗೋದೇ ಇಲ್ಲ! ‘ಜೀವನಾಂಶದ ಹೊಣೆ ಬಿ ಷೆಡ್ಯೂಲ್ ಜಮೀನಿನ ಮೇಲಿರುತ್ತದೆ’ ಅಂತ ಬರೆಸಿ. ಮೂಲ ಪತ್ರ ಹಿಡ್ಕೊಂಡು ನಾಳೆನೇ ವಕೀಲರನ್ನ ನೋಡಿ. ಅಮ್ಮ ಯಾರ ಮನೇಲಿದ್ದಾರೆ?

ಮಂಡ್ಯ: (ಫಾರ್ವರ್ಡ್) ‘ಪತ್ರದ ಫೋಟೊ ಆ್ಯಪಿಗೆ ಹಾಕಿ, 2 ನಿಮಿಷದಲ್ಲಿ ಕನ್ನಡ! ವಕೀಲರೇ ಬೇಡ! ಹತ್ತು ಜನಕ್ಕೆ ಕಳಿಸಿ.’

ಮೇಡಂ: ಹತ್ತು ಜನರ ಜಮೀನು ಹೋಗಲಿ ಅಂತಲಾ? ತಿಂಡಿ ಮೆನುಗೆ ಬಳಸಿ, ಪತ್ರಕ್ಕೆ ಬೇಡ.

ಧಾರವಾಡ: ‘ಲಾಠಿ ಚಾರ್ಜ್’ಗೆ ಪೇಪರ್‌ನ್ಯಾಗ ‘ಲಾಠಿ ಪ್ರಹಾರ’ ಅಂತ ಬರೀತಾರ, ತಪ್ಪು. ಚಾರ್ಜ್ ಅಂದ್ರ ನುಗ್ಗೂದು, ಹೊಡಿಯೂದಲ್ಲ.

ಕೋಲಾರ: ನುಗ್ಗಿ ಆರತಿ ಎತ್ತುತ್ತಾರಾ?

ಧಾರವಾಡ: ಶಬ್ದಾರ್ಥ ಹೇಳಾಕತ್ತೀನ್ರಿ. ತಿಳೀಲಿಲ್ಲಂದ್ರ ಸುಮ್ಕಿರ್ರಿ.

ಕೋಲಾರ: ನಿಮ್ಮನ್ನ ಕೇಳಿದ್ಯಾರು?

ಅಡ್ಮಿನ್: ಇಬ್ಬರೂ ಸಾಕು.

ತುಮಕೂರು: ಕೇಸಲ್ಲಿ ‘ಡಿಸ್ಚಾರ್ಜ್’ ಅಂದ್ರೆ ಖುಲಾಸೆ ತಾನೇ?

ಮೇಡಂ: ಅಲ್ಲ. ಕೋರ್ಟು ಆರೋಪ ಹೊರಿಸೋ ಮೊದಲೇ ಬಿಟ್ರೆ ಡಿಸ್ಚಾರ್ಜ್. ವಿಚಾರಣೆ ನಡೆಸಿ ಬಿಟ್ರೆ ಖುಲಾಸೆ.

ಮಂಡ್ಯ: ಚಾರ್ಜ್ ಸಂಸ್ಕೃತ ಪದ ಅಂತ ಒಂದು ಫಾರ್ವರ್ಡ್ ಬಂದಿದೆ, ಹಾಕಲಾ?

ಮೇಡಂ: ಬೇಡ.

ಬೀದರ್: ಚಾರ್ಜ್ ಪದ ಎಲ್ಲಿಂದ ಬಂತು?

ಮೇಡಂ: ಮೇಲೆ ಓದಿ.

ಹಾಸನ: ಅಮ್ಮ ನನ್ನ ಹತ್ರನೇ ಇದ್ದಾರೆ ಮೇಡಂ. ತಮ್ಮ ಅಡ್ವಾನ್ಸ್ ತಗೊಂಡಾಯ್ತಂತೆ.

ಮೇಡಂ: ಹಾಗಾದ್ರೆ ನಾಳೆ ಅಲ್ಲ, ಈಗಲೇ ವಕೀಲರಿಗೆ ಫೋನ್ ಮಾಡಿ.

ಉಡುಪಿ: ನನ್ನ ‘ಪ್ರಭಾರ’?